ಅದೇ ಕರೆ, ಎರಡನೆಯ ಸಲ: ಬೆಳಗಾವಿಯ ಕ್ರೈಸ್ತ ಪರಂಪರೆಗಳಲ್ಲಿ ವಿಧೇಯತೆ ಮತ್ತು ಮರು ಅವಕಾಶ

ಬೆಳಗಾವಿ ಸೀಮೆಗೆ ಕ್ರೈಸ್ತ ಧರ್ಮ ಮುಖ್ಯವಾಗಿ ಎರಡು ದಿಕ್ಕುಗಳಿಂದ ಬಂದಿತು. ಪಡುವಣದಿಂದ ಬಂದದ್ದು ಗೋವೆಯ ನಂಟಿನ ಕಥೋಲಿಕ ಪರಂಪರೆ. ಗಡಿಯ ಖಾನಾಪುರ ತಾಲ್ಲೂಕಿನಲ್ಲಿ ಅದರ ಕೊಂಕಣಿ ಮಾತು ಇಂದಿಗೂ ಕೇಳುತ್ತದೆ. ಮೂಡಣದ ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ 1820ರಲ್ಲಿ ಇಲ್ಲಿ ಪ್ರೊಟೆಸ್ಟಂಟರ ಲಂಡನ್ ಮಿಷನ್ನಿನ ಕೆಲಸ ಆರಂಭಿಸಿದರು. ದೇವರಿಗೆ ವಿಧೇಯರಾಗಿರಬೇಕೆಂದು ಎರಡೂ ಪರಂಪರೆಗಳು ಕಲಿಸಿದವು. ತಪ್ಪಿದವರು ಮರಳುವ ದಾರಿಯನ್ನೂ ತೆರೆದಿಟ್ಟವು. ಕ್ಷಮೆ ಸುಲಭವಾದಷ್ಟೂ ವಿಧೇಯತೆ ಸಡಿಲಾಗುತ್ತದೆ ಎಂಬ ಅನುಮಾನ ಹಳೆಯದು. ಚರಿತ್ರೆಯ ಸಾಕ್ಷ್ಯ ಬೇರೆಯೇ ಇದೆ. ಮರು ಅವಕಾಶವೆಂದರೆ ಆಜ್ಞೆಯಿಂದ ಬಿಡುಗಡೆಯಲ್ಲ, ತಪ್ಪಿಸಿಕೊಂಡ ಆಜ್ಞೆಯೇ ಮತ್ತೆ ಎದುರು ಬಂದು ನಿಲ್ಲುವುದು.

ಯೋನನ ಗ್ರಂಥದಲ್ಲಿ ಇದರ ಮೂಲರೂಪವಿದೆ. ನಿನೆವೆಗೆ ಹೋಗೆಂದರೆ ತಾರ್ಷೀಷಿನ ಹಡಗು ಹತ್ತಿದ ಪ್ರವಾದಿಗೆ ದೇವರ ವಾಕ್ಯ ಎರಡನೆಯ ಸಲ ಬಂದಾಗಲೂ ಊರು ಬದಲಾಗಲಿಲ್ಲ. ಮೂರನೆಯ ಶತಮಾನದ ಸಭೆಯೂ ಇದೇ ಪ್ರಶ್ನೆಯನ್ನು ಎದುರಿಸಿತು. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್‌ನ ಆಜ್ಞೆಗೆ ಹೆದರಿ ದೇವತೆಗಳಿಗೆ ಬಲಿ ಅರ್ಪಿಸಿದ ಕ್ರೈಸ್ತರನ್ನು ಮರಳಿ ಸೇರಿಸಲೇಕೂಡದೆಂದು ರೋಮಿನ ಪಾದ್ರಿ ನೊವಾಟಿಯನ್ ಹಟ ಹಿಡಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮೊದಲು ದೀರ್ಘ ಪ್ರಾಯಶ್ಚಿತ್ತ ವಿಧಿಸಿದ. ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಪಶ್ಚಾತ್ತಾಪಪಟ್ಟವರನ್ನು ಬೇಗನೆ ಸೇರಿಸಿಕೊಂಡ. ಹೋರಾಟಕ್ಕೆ ಹೊರಡುವವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಅವನ ಕಾರಣ. ಅಂದರೆ ಕ್ಷಮೆ ಪಡೆದವರು ತಾವು ಸೋತ ಪರೀಕ್ಷೆಯ ಮುಂದೆಯೇ ಮತ್ತೆ ನಿಲ್ಲಬೇಕಿತ್ತು.

ಈ ತಿಳಿವು ಮುಂದೆ ವ್ಯವಸ್ಥೆಯ ರೂಪ ಪಡೆಯಿತು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಆ ಸಂಸ್ಕಾರವನ್ನು ವಿವರವಾಗಿ ನಿರೂಪಿಸಿತು. ಕೊಂಕಣಿಗರು ‘ಕುಮ್ಸಾರ್’ ಎನ್ನುವುದು ಇದನ್ನೇ. ಪಾಪವನ್ನು ಹೇಳಿಕೊಂಡರಷ್ಟೇ ಅಲ್ಲಿ ಸಾಲದು. ತಿದ್ದಿಕೊಳ್ಳುವ ಸಂಕಲ್ಪ ಬೇಕು, ಪ್ರಾಯಶ್ಚಿತ್ತವೂ ಬೇಕು. ಪ್ರೊಟೆಸ್ಟಂಟರ ಕನ್ನಡ ಸತ್ಯವೇದವೂ ಬೇರೆ ದಾರಿಯಿಂದ ಇಲ್ಲಿಗೇ ತಲುಪುತ್ತದೆ. ‘ಪಶ್ಚಾತ್ತಾಪ’ ಎಂದರೆ ಆಮೇಲಿನ ಬೇಗುದಿ. ಆ ಸತ್ಯವೇದ ಬಳಸುವ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಮಾತಿನಲ್ಲಿ ನಡಿಗೆಯಿದೆ. ತಿರುಗಿದವನು ನಿಂತಲ್ಲೇ ನಿಲ್ಲುವಂತಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ನೆನಪುಳಿದ ವಿಲಿಯಂ ಬೆನನ್ನರ ಲಂಡನ್ ಮಿಷನ್ ಬಹುಮಟ್ಟಿಗೆ ಕ್ಯಾಲ್ವಿನನ ಚಿಂತನೆಯಲ್ಲಿ ಬೆಳೆದದ್ದು. ದೇವರು ಆರಿಸಿಕೊಂಡವರು ಕೊನೆಗೂ ಕೈಬಿಟ್ಟುಹೋಗರು ಎಂಬುದು ಆ ಚಿಂತನೆ. 1904ರಲ್ಲಿ ಬೆಳಗಾವಿಯ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ನಂಬಿದವನೂ ಜಾರಬಹುದು, ಜಾರಿದವನೂ ಏಳಬಹುದು ಎಂಬುದು ಅವರ ಬೋಧನೆ. ಇಷ್ಟು ಭಿನ್ನವಾದ ಮತಗಳನ್ನು ಒಂದೇ ಎಳೆಯಲ್ಲಿ ಪೋಣಿಸುವುದು ಸರಿಯೇ? ಸಿದ್ಧಾಂತದಲ್ಲಿ ಅಂತರವಿದೆ, ನಿಜ. ಆದರೆ ಮೆಥಡಿಸ್ಟರ ಒಡಂಬಡಿಕೆಯ ಆರಾಧನೆಯನ್ನು ಗಮನಿಸಬೇಕು. ವಿಧೇಯತೆಯ ಮಾತನ್ನು ದೇವರಿಗೆ ಮತ್ತೆ ಕೊಡುವ ಈ ಆರಾಧನೆಯನ್ನು ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದಾಗ ಬಳಸಿದ್ದು ಪ್ಯೂರಿಟನ್ ಲೇಖಕ ರಿಚರ್ಡ್ ಅಲೀನನ ಬರಹವನ್ನು. ಲಂಡನ್ ಮಿಷನ್ನಿನ ಸಭೆಗಳ ಬೇರೂ ಆ ಪ್ಯೂರಿಟನ್ ನೆಲದಲ್ಲೇ ಇತ್ತು. ವಾದದಲ್ಲಿ ಬೇರೆಯಾದವರು ಮರಳುವ ದಾರಿಯಲ್ಲಿ ಒಂದಾಗಿದ್ದರು.

ಅವಕಾಶ ಮತ್ತೆ ಸಿಗುವುದಾದರೆ ಇಂದು ಯಾಕೆ ವಿಧೇಯನಾಗಬೇಕು ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಅದಕ್ಕೆ ಉತ್ತರ ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಒಂದು ಹೆಸರಾಗಿ ನಿಂತಿದೆ. ಗೋವೆಯ ಜೆಸ್ವಿಟರು ಅಲ್ಲಿ ಕಟ್ಟಿದ ವಿರಕ್ತ ಮಠ ಸ್ನಾನಿಕ ಅರುಳಪ್ಪನವರದು, ಎಂದರೆ ತಿರುಗಿಕೊಳ್ಳಿರೆಂದು ಸಾರಿದ ಯೋಹಾನನದು. ಪಾಪ ಒಪ್ಪಿಕೊಂಡ ಸುಂಕದವರು ಮುಂದೇನು ಮಾಡಬೇಕೆಂದು ಕೇಳಿದಾಗ, ಸುಂಕದ ಕೆಲಸ ಬಿಡಿರೆಂದು ಅವನು ಹೇಳಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಕೇಳಬೇಡಿರೆಂದ. ಕ್ಷಮೆ ಅವರನ್ನು ತಪ್ಪು ಮಾಡಿದ ಕಟ್ಟೆಗೇ ಮರಳಿ ಕಳಿಸಿತು. ನಾಳೆಯೂ ಅದೇ ಕಟ್ಟೆ, ಅದೇ ಲೆಕ್ಕ. ಈ ಸಲ ಅದು ಸರಿಯಾಗಿರಬೇಕಿತ್ತು.