ಕೊಲಂಬೊನನ್ನು ಮತ್ತೆ ನೋಡುವ ಹಕ್ಕು

ಸಾಗರದ ಕೋರ್ಟಿನಲ್ಲಿ ಫೌಜುದಾರಿ ಕೇಸು ನಡೆಸಿಯೇ ತಲೆ ಬೆಳ್ಳಗಾದ ನನಗೆ ಪತ್ತೇದಾರಿ ಕಾದಂಬರಿ ರುಚಿಸಿದ್ದು ಕಡಿಮೆ. ಕೊಲೆಗಾರ ಯಾರೆಂದು ಕೊನೆಯ ಪುಟದವರೆಗೆ ಮುಚ್ಚಿಡುವ ಆಟ ನಮ್ಮ ಕಸುಬಿನಲ್ಲಿ ಇಲ್ಲವೇ ಇಲ್ಲ. ಚಾರ್ಜ್‌ಶೀಟಿನ ಮೊದಲ ಪುಟದಲ್ಲೇ ಆರೋಪಿಯ ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ವಾಸ ಎಲ್ಲ ಇರುತ್ತದೆ. ಆಮೇಲೆ ವರ್ಷಗಟ್ಟಲೆ ನಡೆಯುವ ಜಟಾಪಟಿ ಏನಿದ್ದರೂ ರುಜುವಾತಿನದು. ಅಮೆರಿಕದ ‘ಕೊಲಂಬೊ’ ಧಾರಾವಾಹಿ ನನಗೆ ಹಿಡಿಸಿದ್ದು ಈ ಕಾರಣಕ್ಕೇ. ಭಾವಮೈದ ಅಮೆರಿಕದಿಂದ ತಂದುಕೊಟ್ಟ ಡಿವಿಡಿಗಳು ತಿರುಗಿ ತಿರುಗಿ ಗೀರು ಬಿದ್ದಿವೆ.

‘ಕೊಂದವ ಯಾರು ಅಂತ ಗೊತ್ತಿದ್ದೂ ಯಾಕೆ ಸರ್ ಮತ್ತೆ ಮತ್ತೆ ನೋಡ್ತೀರಿ?’ ಎಂದು ನನ್ನ ಜೂನಿಯರ್ ಒಮ್ಮೆ ಕೇಳಿದ. ‘ಮೊದಲ ಸಲ ನೋಡುವಾಗಲೂ ಗೊತ್ತಿತ್ತಲ್ಲ ಮಾರಾಯ’ ಎಂದೆ.

ಹೌದು, ‘ಕೊಲಂಬೊ’ದಲ್ಲಿ ಕೊಲೆ ನಡೆಯುವುದು ನಮ್ಮ ಕಣ್ಣೆದುರೇ. ಯಾರು ಕೊಂದರು, ಹೇಗೆ ಕೊಂದರು, ಎಲ್ಲಿ ಕೈತೊಳೆದುಕೊಂಡರು ಎಲ್ಲ ನೋಡಿ ಮುಗಿಸಿದ ಮೇಲೆ, ಸುಕ್ಕುಗಟ್ಟಿದ ರೇನ್‌ಕೋಟು ತೊಟ್ಟು, ಅರ್ಧ ಸೇದಿದ ಚುಟ್ಟಾ ಹಿಡಿದು ಲಾಸ್ ಏಂಜಲೀಸ್ ಪೊಲೀಸಿನ ಲೆಫ್ಟಿನೆಂಟ್ ಕೊಲಂಬೊ ಬರುತ್ತಾನೆ. ಗುಟ್ಟನ್ನೇ ನಂಬಿದ ಕಥೆ ಒಮ್ಮೆ ನೋಡಿದರೆ ಮುಗಿಯಿತು. ಇಲ್ಲಿ ಮೊದಲಿಗೇ ಗುಟ್ಟು ಬಿಟ್ಟುಕೊಟ್ಟಿರುವುದರಿಂದ ಎರಡನೆಯ ಸಲಕ್ಕೆ ಏನೂ ನಷ್ಟವಿಲ್ಲ. ಮೊದಲ ಸಲ ಕಣ್ತಪ್ಪಿದ ಸುಳಿವುಗಳು ಆಗ ಒಂದೊಂದಾಗಿ ಎದ್ದು ಕಾಣುತ್ತವೆ.

ಈ ತಲೆಕೆಳಗಾದ ಕಟ್ಟು ಟೀವಿಯವರು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ 1912ರ ‘ದಿ ಸಿಂಗಿಂಗ್ ಬೋನ್’ ಸಂಕಲನದಲ್ಲೇ ಇದನ್ನು ಮಾಡಿ ತೋರಿಸಿದ್ದ: ಮೊದಲರ್ಧ ಅಪರಾಧ, ಉಳಿದರ್ಧ ತನಿಖೆ. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಇಬ್ಬರು ಗೆಳೆಯರು ಅದೇ ದಾರಿ ಹಿಡಿದರು. 1960ರಲ್ಲಿ ಅವರು ಬರೆದ ಟೀವಿ ನಾಟಕದಲ್ಲಿ ಬರ್ಟ್ ಫ್ರೀಡ್ ಮೊದಲ ಕೊಲಂಬೊ ಆದ. 1962ರಲ್ಲಿ ಅದನ್ನೇ ಹಿಗ್ಗಿಸಿ ರಂಗಕ್ಕೆ ತಂದಾಗ ಥಾಮಸ್ ಮಿಚೆಲ್ ಆ ಪಾತ್ರ ಮಾಡಿದ. ‘ಇನ್ನೊಂದೇ ಒಂದು ವಿಷಯ’ ಎನ್ನುತ್ತ ಬಾಗಿಲಿನಿಂದ ವಾಪಸು ಬರುವ ಪ್ರಸಿದ್ಧ ಚಾಳಿ ಹುಟ್ಟಿದ್ದೂ ಆ ನಾಟಕದಲ್ಲೇ. ಕೊಲಂಬೊ ಹೊರಟುಹೋದ ಮೇಲೆ ದೃಶ್ಯ ಗಿಡ್ಡವಾಯಿತೆಂದು ಇವರಿಗೆ ತೋರಿತಂತೆ. ಪುಟವನ್ನೆಲ್ಲ ಮತ್ತೆ ಟೈಪು ಮಾಡುವ ಉತ್ಸಾಹವಿಲ್ಲದೆ, ಹೋದವನನ್ನೇ ಒಳಗೆ ಕರೆಸಿದರಂತೆ. ಲಿಂಕ್ ಹೇಳಿಕೊಂಡ ಮಾತಿದು. ಪಾಟೀಸವಾಲು ಮುಗಿಸಿ ಕೂತವನು ಮತ್ತೆ ಎದ್ದು ‘ಒಂದೇ ಪ್ರಶ್ನೆ, ಸ್ವಾಮಿ’ ಎಂದಾಗ ಸಾಕ್ಷಿಯ ಮುಖ ಏನಾಗುತ್ತದೆಂದು ಬಲ್ಲ ನಾನು ಅವರ ಸೋಮಾರಿತನಕ್ಕೆ ಕೈಮುಗಿಯುತ್ತೇನೆ.

ಪೀಟರ್ ಫಾಕ್ ಬಂದದ್ದು 1968ರ ಟೀವಿ ಚಿತ್ರದಲ್ಲಿ. ಮೂರು ವರ್ಷದವನಿದ್ದಾಗಲೇ ಬಲಗಣ್ಣು ಕಳೆದುಕೊಂಡು ಗಾಜಿನ ಕಣ್ಣು ಹಾಕಿಸಿಕೊಂಡಿದ್ದ ನಟ ಅವನು. ರೇನ್‌ಕೋಟು ಅವನ ಸ್ವಂತದ್ದು. 1971ರಲ್ಲಿ ಧಾರಾವಾಹಿ ಶುರುವಾದಾಗ ಮೊದಲು ಪ್ರಸಾರವಾದ ಕಂತನ್ನು ನಿರ್ದೇಶಿಸಿದವನು ಆಗಿನ್ನೂ ಇಪ್ಪತ್ನಾಲ್ಕರ ಹುಡುಗ ಸ್ಟೀವನ್ ಸ್ಪೀಲ್‌ಬರ್ಗ್. 2003ರಲ್ಲಿ ಮುಗಿಯುವ ಹೊತ್ತಿಗೆ ಒಟ್ಟು 69 ಕಥೆಗಳಾಗಿದ್ದವು.

ನಾನು ಹೆಚ್ಚು ಸಲ ನೋಡಿರುವುದು 1973ರ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’. ಏಡ್ರಿಯನ್ ಕಾರ್ಸಿನಿ ವೈನ್ ಅಂದರೆ ಪ್ರಾಣ ಬಿಡುವ ಮನುಷ್ಯ. ಪಾತ್ರ ಮಾಡಿದವನು ಡೊನಾಲ್ಡ್ ಪ್ಲೆಸೆನ್ಸ್. ದ್ರಾಕ್ಷಿತೋಟ, ಕಾರ್ಖಾನೆ ಎಲ್ಲ ಮಾರಿಬಿಡುತ್ತೇನೆಂದ ಮಲತಮ್ಮನನ್ನು ಹೊಡೆದು ಕೆಡವಿ, ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಹವಾನಿಯಂತ್ರಣ ನಿಲ್ಲಿಸಿ ನ್ಯೂಯಾರ್ಕಿಗೆ ಹೋಗಿಬಿಡುತ್ತಾನೆ. ತಮ್ಮ ಉಸಿರುಗಟ್ಟಿ ಸಾಯುತ್ತಾನೆ. ಆದರೆ ಆ ವಾರ ಊರಲ್ಲಿ ಬಿಸಿಲು ವಿಪರೀತ. ಜೀವಕ್ಕಿಂತ ಹೆಚ್ಚಾಗಿ ಜೋಪಾನ ಮಾಡಿದ್ದ ವೈನೆಲ್ಲ ಕಾದು ಕೆಡುತ್ತದೆ. ಕೊಲಂಬೊ ಆ ಮಾಳಿಗೆಯಿಂದಲೇ ಒಂದು ಬಾಟಲಿ ಸದ್ದಿಲ್ಲದೆ ಎತ್ತಿಕೊಂಡು, ಹೋಟೆಲಿನಲ್ಲಿ ಕಾರ್ಸಿನಿಗೆ ಊಟ ಹಾಕಿಸಿ ಅದನ್ನೇ ಬಡಿಸುವಂತೆ ಮಾಡುತ್ತಾನೆ. ಒಂದು ಗುಟುಕಿಗೇ ಕಾರ್ಸಿನಿ ಕೂಗಾಡುತ್ತಾನೆ: ಇದು ಶಾಖಕ್ಕೆ ಕೆಟ್ಟ ವೈನ್! ಜಗತ್ತಿನಲ್ಲಿ ಬೆರಳೆಣಿಕೆಯ ನಾಲಗೆಗಳು ಮಾತ್ರ ಹಿಡಿಯಬಲ್ಲ ಕೆಡುಕನ್ನು ಅವನ ನಾಲಗೆ ಹಿಡಿದು, ಅವನನ್ನೂ ಹಿಡಿದುಕೊಟ್ಟಿತು. ಗುಟ್ಟು ತಿಳಿದ ಕಾರ್ಯದರ್ಶಿನಿ ತನ್ನನ್ನು ಮದುವೆಯಾಗೆಂದು ಪಟ್ಟು ಹಿಡಿದಿರುವಾಗ, ಅದಕ್ಕಿಂತ ಜೈಲೇ ವಾಸಿ ಎಂದು ಅವನು ತಪ್ಪೊಪ್ಪಿಕೊಳ್ಳುತ್ತಾನೆ.

ನೋಡುಗನಾಗಿ ಚಪ್ಪಾಳೆ ಹೊಡೆಯುತ್ತೇನೆ. ವಕೀಲನಾಗಿ ಕೈ ಹಿಸುಕಿಕೊಳ್ಳುತ್ತೇನೆ. ಬಾಟಲಿ ಜಪ್ತಿಗೆ ಮಹಜರು ಎಲ್ಲಿ? ಪಂಚರ ಸಹಿ ಎಲ್ಲಿ? ಮುದ್ದೆಮಾಲಿಗೆ ಸೀಲು ಹಾಕಿದ್ದು ಯಾವಾಗ? ಇನ್ನು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ನಮ್ಮಲ್ಲಿ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಿಂದಲೇ ರುಜುವಾತಿಗೆ ಬಾರದು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯ್ದೆಯ 23ನೇ ಕಲಮೂ ಅದನ್ನೇ ಹೇಳುತ್ತದೆ. ಕೊಲಂಬೊ ಹಿಡಿದವರಲ್ಲಿ ಅರ್ಧಕ್ಕರ್ಧ ಜನರನ್ನು ಸಾಗರದ ಯಾವ ಜೂನಿಯರ್ ಬೇಕಾದರೂ ಖುಲಾಸೆ ಮಾಡಿಸಿಯಾನು. ಮತ್ತೆ ನೋಡುವವರ ಅರ್ಧ ಸುಖ ಈ ತಕರಾರಿನಲ್ಲೇ ಇದೆ.

ಆದರೆ ‘ಮತ್ತೆ ನೋಡುವುದು’ ಎಪ್ಪತ್ತರ ದಶಕದಲ್ಲಿ ನೋಡುಗನ ಕೈಯಲ್ಲಿರಲಿಲ್ಲ. ವಾಹಿನಿ ಮರುಪ್ರಸಾರ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ರೆಕಾರ್ಡರ್ ತಂದಿತು. ಅದರ ಜಾಹೀರಾತು ಯೋಜನೆಯಲ್ಲಿ ಒಂದು ಮಾತಿತ್ತು: ಕೊಲಂಬೊ ನೋಡುತ್ತ ಕೂತು ಕೋಜಾಕ್ ತಪ್ಪಿಸಿಕೊಳ್ಳಬೇಕಿಲ್ಲ, ಅದನ್ನು ನೋಡುತ್ತ ಇದನ್ನೂ ತಪ್ಪಿಸಿಕೊಳ್ಳಬೇಕಿಲ್ಲ. ಬೇರೆ ಬೇರೆ ವಾಹಿನಿಗಳಲ್ಲಿ ಬರುತ್ತಿದ್ದ ಈ ಎರಡನ್ನೂ ತಯಾರಿಸುತ್ತಿದ್ದುದು ಯೂನಿವರ್ಸಲ್ ಸಂಸ್ಥೆ. ಅದರ ಮುಖ್ಯಸ್ಥ ಸಿಡ್ನಿ ಶೈನ್‌ಬರ್ಗ್ ಕೆರಳಿದ. ಸ್ಪೀಲ್‌ಬರ್ಗ್‌ಗೆ ಕರಾರು ಬರೆದುಕೊಟ್ಟು ಸ್ಟುಡಿಯೋದೊಳಗೆ ಬಿಟ್ಟುಕೊಂಡ ಮನುಷ್ಯನೇ ಇವನು. 1976ರಲ್ಲಿ ಡಿಸ್ನಿಯನ್ನೂ ಜೊತೆಗೂಡಿಸಿಕೊಂಡು ಸೋನಿಯ ಮೇಲೆ ದಾವೆ ಬಿತ್ತು. 1979ರಲ್ಲಿ ಜಿಲ್ಲಾ ನ್ಯಾಯಾಲಯ ಸೋನಿಯ ಪರ. 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಯೂನಿವರ್ಸಲ್ ಪರ. ಕೊನೆಗೆ 1984ರ ಜನವರಿ 17ರಂದು ಸುಪ್ರೀಂ ಕೋರ್ಟು 5–4ರಲ್ಲಿ, ಮನೆಯಲ್ಲಿ ಕೂತು ಆಮೇಲೆ ನೋಡಲೆಂದು ಕಾರ್ಯಕ್ರಮ ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದಿತು. ಒಬ್ಬ ನ್ಯಾಯಮೂರ್ತಿ ಆಚೆ ವಾಲಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೊಲಂಬೊ ತೆಗೆದ ಸಂಸ್ಥೆಯೇ ಸೋತದ್ದರಿಂದ ಕೊಲಂಬೊನ ಅಭಿಮಾನಿಗಳು ಗೆದ್ದರು.

ಬರೀ ಮತ್ತೆ ನೋಡುವುದಲ್ಲ, ತಡೆದು ನೋಡುವುದೂ ಸಾಧ್ಯವಾಯಿತು. ಕೊಲಂಬೊನ ಮೊದಲ ಹೆಸರನ್ನು ಕಥೆಯಲ್ಲಿ ಯಾರೂ ಹೇಳುವುದಿಲ್ಲ. ಫ್ರೆಡ್ ವರ್ತ್ ಎಂಬವನು ತನ್ನ ಸಾಮಾನ್ಯಜ್ಞಾನದ ಕೋಶದಲ್ಲಿ ‘ಫಿಲಿಪ್’ ಎಂದು ಬೇಕೆಂದೇ ಸುಳ್ಳು ಹೆಸರು ಸೇರಿಸಿಟ್ಟ, ಕದ್ದವರನ್ನು ಹಿಡಿಯಲೆಂದು. ‘ಟ್ರಿವಿಯಲ್ ಪರ್‌ಸ್ಯೂಟ್’ ಆಟದವರು ಆ ಸುಳ್ಳನ್ನೇ ಪ್ರಶ್ನೆಯಾಗಿಸಿದರು. 1984ರಲ್ಲಿ ಅವನು 30 ಕೋಟಿ ಡಾಲರಿನ ದಾವೆ ಹೂಡಿ ಸೋತ; ಸಂಗತಿಗಳ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. ಇತ್ತ ಅಭಿಮಾನಿಗಳು 1971ರ ‘ಡೆಡ್ ವೇಟ್’ ಕಂತಿನಲ್ಲಿ ಅರೆಕ್ಷಣ ತೋರುವ ಪೊಲೀಸ್ ಗುರುತಿನ ಚೀಟಿಯ ಮೇಲೆ ಪಾಸ್ ಒತ್ತಿ ‘ಫ್ರಾಂಕ್’ ಎಂದು ಓದಿದರು.

ನನ್ನನ್ನು ಕೇಳಿದರೆ ಆ ಚೀಟಿಗೆ ನಿಶಾನೆ ಹಾಕಿಸಲು ಬಿಡುವುದಿಲ್ಲ. ಬರೆದವನನ್ನು ಸಾಕ್ಷಿಕಟ್ಟೆಗೆ ತಂದಿಲ್ಲ. ಸಾಮಾನು ಹೊಂದಿಸುವ ಹುಡುಗ ಯಾರೂ ಓದಲಾರರೆಂದು ಗೀಚಿದ್ದಿರಬಹುದು. ಅಭಿಮಾನಿಗಳ ಪೀಠ ನನ್ನ ತಕರಾರನ್ನು ತಳ್ಳಿಹಾಕುತ್ತದೆ ಎಂಬುದೂ ಗೊತ್ತು. ಚಿತ್ರ ನಿಲ್ಲಿಸುವ ಗುಂಡಿ ಅವರ ಕೈಯಲ್ಲಿದೆ, ಬೆನ್ನಿಗೆ 5–4ರ ತೀರ್ಪಿದೆ.