ರೋಗಿಗಳಿಗಾಗಿ ಗಟ್ಟಿವಾಚನ

ರೋಗಿಗಳಿಗಾಗಿ ಗಟ್ಟಿವಾಚನವು ಚಿಕಿತ್ಸೆ ಪಡೆಯುತ್ತಿರುವವರಿಗೆ ಕಥೆ, ಕಾವ್ಯ, ದಿನಪತ್ರಿಕೆ ಮೊದಲಾದವುಗಳನ್ನು ಮತ್ತೊಬ್ಬರು ಓದಿ ಕೇಳಿಸುವ ಪದ್ಧತಿಯಾಗಿದೆ. ರೋಗಿಯ ಒಂಟಿತನ, ಆತಂಕ ಹಾಗೂ ಬೇಸರವನ್ನು ತಗ್ಗಿಸುವುದು ಇದರ ಉದ್ದೇಶ. ಇದು ಔಷಧೋಪಚಾರಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಇತಿಹಾಸ

ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರ 'ನೋಟ್ಸ್ ಆನ್ ನರ್ಸಿಂಗ್' ಕೃತಿಯಲ್ಲಿ ಈ ವಿಷಯವನ್ನು ಚರ್ಚಿಸಿದ್ದಾರೆ. ತಾವೇ ಓದಲಾರದಷ್ಟು ಬಳಲಿದವರು ಅನ್ಯರ ಓದನ್ನೂ ಸಹಿಸುವುದು ಅಪರೂಪವೆಂದೂ, ಮಕ್ಕಳು, ಕಣ್ಣಿನ ರೋಗಿಗಳು ಮತ್ತು ಅನಕ್ಷರಸ್ಥರು ಇದಕ್ಕೆ ಹೊರತೆಂದೂ ಅವರು ಗಮನಿಸಿದರು. ಬೇಗ ಮುಗಿಸಲು ಅವಸರದಿಂದ ಓದಿದರೆ ರೋಗಿಗೆ ಆಯಾಸ ಹೆಚ್ಚುತ್ತದೆ. ಆದುದರಿಂದ ನಿಧಾನವಾಗಿ, ಸ್ಪಷ್ಟವಾಗಿ ಓದಬೇಕೆಂಬುದು ಅವರ ಸಲಹೆ. ಓದಿನ ಮೂಲಕ ಉಪಶಮನ ನೀಡುವ ಕ್ರಮಕ್ಕೆ 'ಬಿಬ್ಲಿಯೋಥೆರಪಿ' ಎಂಬ ಹೆಸರನ್ನು ಅಮೆರಿಕದ ಲೇಖಕ ಸ್ಯಾಮ್ಯುಯೆಲ್ ಕ್ರೋದರ್ಸ್ 1916ರಲ್ಲಿ ಬಳಸಿದರು.

ಕರ್ನಾಟಕದ ಶ್ರವಣ ಪರಂಪರೆ

ಕನ್ನಡ ನಾಡಿನಲ್ಲಿ ಕಾವ್ಯವು ಬಹುಕಾಲ ಕೇಳುಗರ ಸೊತ್ತಾಗಿತ್ತು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ರಚಿತವಾಯಿತೆಂದು ಪ್ರತೀತಿಯಿರುವ ಕುಮಾರವ್ಯಾಸ ಭಾರತವು ಗಮಕ ವಾಚನದ ಮೂಲಕ ಜನಸಾಮಾನ್ಯರನ್ನು ತಲುಪಿತು. ಗಮಕಿ ರಾಗವಾಗಿ ವಾಚಿಸಿದರೆ ವ್ಯಾಖ್ಯಾನಕಾರ ಅರ್ಥ ಬಿಡಿಸುತ್ತಾನೆ. ಉತ್ತರ ಕರ್ನಾಟಕದಲ್ಲಿ ಶ್ರಾವಣ ಮಾಸದಲ್ಲಿ ಪುರಾಣ ಹಚ್ಚುವ ರೂಢಿಯೂ ಇದೆ. ಈ ವಾಚನಗಳು ರೋಗಿಗಳಿಗಾಗಿ ರೂಪುಗೊಂಡವಲ್ಲ. ಆದರೆ ಗದಗ ಜಿಲ್ಲೆಯ ಸೊರಟೂರದಂತಹ ಊರಿನಿಂದ ನಗರದ ಆಸ್ಪತ್ರೆ ಸೇರುವ ಹಿರಿಯರಿಗೆ, ಓದು ಬರದಿದ್ದರೂ, ಕೇಳುವ ಅಭ್ಯಾಸ ಹೊಸದಲ್ಲ. ಊರು, ಮನೆ, ನಿತ್ಯದ ಕೆಲಸಗಳಿಂದ ದೂರವಾದವರಿಗೆ ಪರಿಚಿತ ಕಥೆಯೂ ತಮ್ಮ ಸೀಮೆಯ ಮಾತೂ ಆಸರೆಯಾಗಬಲ್ಲವು.

ವಿಧಾನ

ಓದುವ ಮುನ್ನ ರೋಗಿಯ ಒಪ್ಪಿಗೆ ಪಡೆಯುವುದು ಮತ್ತು ಕೃತಿಯ ಆಯ್ಕೆಯನ್ನು ಅವರಿಗೇ ಬಿಡುವುದು ಉಚಿತ. ಚಿಕ್ಕ ಕಥೆ, ಪ್ರಬಂಧ ಅಥವಾ ಪದ್ಯಗಳು ಅನುಕೂಲಕರ. ವಾಚಕನು ರೋಗಿಗೆ ಮುಖ ಕಾಣುವಂತೆ ಕುಳಿತು, ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದ ಧ್ವನಿಯಲ್ಲಿ ಓದಬೇಕು. ರೋಗಿ ದಣಿದರೆ ಓದನ್ನು ನಿಲ್ಲಿಸಬೇಕು. ಮಾತನಾಡಬಯಸಿದರೆ ಪುಸ್ತಕ ಮುಚ್ಚಿ ಆಲಿಸಬೇಕು. ಸೋಂಕು ತಡೆಯ ನಿಯಮಗಳನ್ನು ಪಾಲಿಸುವುದು, ಭೇಟಿಗೆ ಶುಶ್ರೂಷಕರ ಅನುಮತಿ ಪಡೆಯುವುದು ಅಗತ್ಯ.

ಪರಿಣಾಮ ಮತ್ತು ಮಿತಿ

ಬ್ರೆಜಿಲ್‌ನಲ್ಲಿ ತೀವ್ರ ನಿಗಾ ಘಟಕದ 81 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಗಟುಗಳನ್ನು ಬಿಡಿಸಿದ ಮಕ್ಕಳಿಗಿಂತ ಕಥೆ ಕೇಳಿದ ಮಕ್ಕಳಲ್ಲಿ ನೋವು ಹಾಗೂ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚು ಇಳಿದಿದ್ದು, ಆಕ್ಸಿಟೋಸಿನ್ ಹೆಚ್ಚು ಏರಿದ್ದು ಅದರಲ್ಲಿ ಕಂಡುಬಂದಿತು. ಇದು ಒಂದೇ ಭೇಟಿಯ ತತ್‌ಕ್ಷಣದ ಪರಿಣಾಮ. ಕಾಯಿಲೆ ಗುಣವಾಗುತ್ತದೆಂಬುದಕ್ಕೆ ಇದು ಆಧಾರವಲ್ಲ. ಗುಣವಾಗದ ಕಾಯಿಲೆಯವರಿಗೂ ಗಟ್ಟಿವಾಚನ ನೀಡಬಲ್ಲದ್ದು ಜೊತೆಗಾರಿಕೆಯನ್ನು.