ನೀರುಹಕ್ಕಿಗಳಿಗೆ ಸೀಸದ ಚರೆಯ ವಿಷ

ಕೋವಿಯ ಒಂದು ತೋಟೆಯಲ್ಲಿ ನೂರಾರು ಚರೆಗಳಿರುತ್ತವೆ. ಹಕ್ಕಿಗೆ ತಾಗುವುದು ಕೆಲವೇ, ಉಳಿದವು ಜೌಗಿನ ಕೆಸರಿಗೆ ಬೀಳುತ್ತವೆ. ಹಲ್ಲಿಲ್ಲದ ಬಾತು, ಹಂಸಗಳು ಕಾಳು ಅರೆಯಲೆಂದು ಹರಳುಗಳನ್ನು ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತವೆ. ಚರೆಯನ್ನೂ ಹರಳೆಂದೋ ಬೀಜವೆಂದೋ ನುಂಗುತ್ತವೆ. ಹೊಟ್ಟೆಯ ಗಟ್ಟಿ ಸ್ನಾಯುಗಳೂ ಆಮ್ಲವೂ ಸೇರಿ ಸೀಸವನ್ನು ಸವೆಸಿ ರಕ್ತಕ್ಕೆ ಬೆರೆಸುತ್ತವೆ. ಅನ್ನನಾಳಕ್ಕೆ ಲಕ್ವ ಹೊಡೆದಂತಾಗಿ, ಮೇವು ಒಳಗೆ ತುಂಬಿಕೊಂಡಿದ್ದರೂ ಹಕ್ಕಿ ಹಸಿವಿನಿಂದ ಸೊರಗುತ್ತದೆ. ರೆಕ್ಕೆ ಜೋಲುತ್ತದೆ, ಹಸಿರು ಭೇದಿಯಾಗುತ್ತದೆ, ಹಲವು ಹಕ್ಕಿಗಳು ಎರಡು ಮೂರು ವಾರಗಳಲ್ಲಿ ಸಾಯುತ್ತವೆ. ಈ ಸಾವು ಕಣ್ಣಿಗೆ ಬೀಳದಿರುವುದೇ ಇದರ ಇಡೀ ಚರಿತ್ರೆಯನ್ನು ರೂಪಿಸಿದೆ.

ಅರಿವು ಹಳೆಯದೇ. ಅಮೆರಿಕದ ಬೇಟೆಗಾರರ ಪತ್ರಿಕೆ 'ಫಾರೆಸ್ಟ್ ಅಂಡ್ ಸ್ಟ್ರೀಮ್'ನ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲೇ ಇದನ್ನು ಬರೆದರು. 1919ರಲ್ಲಿ ಅಲೆಕ್ಸಾಂಡರ್ ವೆಟ್ಮೋರ್ ಸರ್ಕಾರಿ ವರದಿಯಲ್ಲಿ ರೋಗವನ್ನು ವಿವರಿಸಿದರು. 1959ರಲ್ಲಿ ಇಲಿನಾಯ್‌ನ ಫ್ರಾಂಕ್ ಬೆಲ್‌ರೋಸ್, ಉತ್ತರ ಅಮೆರಿಕ ಖಂಡದ ನೀರುಹಕ್ಕಿಗಳಲ್ಲಿ ಶೇ. 2ರಿಂದ 3ರಷ್ಟು ಪ್ರತಿವರ್ಷ ಹೀಗೆ ಸಾಯುತ್ತವೆಂದು ಅಂದಾಜಿಸಿದರು. ಆದರೂ ಅಮೆರಿಕದಾದ್ಯಂತ ನೀರುಹಕ್ಕಿ ಬೇಟೆಯಲ್ಲಿ ಸೀಸದ ಚರೆಗೆ ನಿಷೇಧ ಬಂದದ್ದು 1991ರಲ್ಲಿ. ಇಷ್ಟೊಂದು ಹಕ್ಕಿಗಳು ಸತ್ತರೆ ಹೆಣಗಳೆಲ್ಲಿ ಎಂಬುದು ವಿರೋಧಿಗಳ ಪ್ರಶ್ನೆಯಾಗಿತ್ತು. ಉತ್ತರ ಜೌಗಿನಲ್ಲೇ ಇತ್ತು: ನಿತ್ರಾಣಗೊಂಡ ಹಕ್ಕಿ ಜೊಂಡಿನಲ್ಲಿ ಅಡಗುತ್ತದೆ, ಸತ್ತ ಕೂಡಲೇ ಮಾಂಸಾಹಾರಿ ಪ್ರಾಣಿಪಕ್ಷಿಗಳ ಪಾಲಾಗುತ್ತದೆ. ಹಾಗೆ ತಿಂದ ಬಿಳಿತಲೆಯ ಹದ್ದುಗಳಿಗೂ ವಿಷ ಏರಿತು. ಬಾತುಗಳ ಸಾವಿಗೆ ಕದಲದ ಆಡಳಿತ ತನ್ನ ರಾಷ್ಟ್ರಲಾಂಛನದ ಹಕ್ಕಿಗಾಗಿ ಕದಲಿದ್ದು ನೋವಿನ ಸಂಗತಿ. ರಾಷ್ಟ್ರೀಯ ವನ್ಯಜೀವಿ ಒಕ್ಕೂಟ 1980ರ ದಶಕದಲ್ಲಿ ಹದ್ದುಗಳ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ ನಿಷೇಧ ಹಂತಹಂತವಾಗಿ ಜಾರಿಯಾಯಿತು.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸೀಸದ ಬದಲು ಬಳಸುವ ಉಕ್ಕಿನ ಚರೆ ಹಗುರ, ದೂರದಿಂದ ಹೊಡೆದರೆ ಹಕ್ಕಿ ಸಾಯದೆ ಗಾಯಗೊಂಡು ನರಳುತ್ತದೆ, ಹಳೆಯ ಕೋವಿಯ ನಳಿಗೆಯೂ ಕೆಡಬಹುದು ಎಂದು ಬೇಟೆಗಾರರು ಹೇಳಿದರು. ಆದರೆ ತುಸು ದಪ್ಪ ಚರೆ ಬಳಸಿ, ಹತ್ತಿರದಿಂದ ಹೊಡೆದರೆ ಗಾಯದ ಭಯ ತಗ್ಗುತ್ತದೆ. ಹಳೆಯ ಕೋವಿಗೆ ಮೆದುವಾದ ಬಿಸ್ಮತ್ ಲೋಹದ ಚರೆ ಇದೆ. ಲಾಭವನ್ನೂ ಅಳೆಯಲಾಗಿದೆ. ಮಿಸಿಸಿಪಿ ವಲಸೆಪಥದಲ್ಲಿ 1990ರ ದಶಕದ ಕೊನೆಗೆ ನಡೆದ ಅಧ್ಯಯನದ ಪ್ರಕಾರ ಮಲ್ಲಾರ್ಡ್ ಬಾತುಗಳಲ್ಲಿ ಸೀಸದಿಂದಾಗುವ ಸಾವು ಶೇ. 64ರಷ್ಟು ಇಳಿದಿತ್ತು, ಖಂಡದಲ್ಲಿ 1997ರಲ್ಲಿ ಹೀಗೆ ಸಾವಿನಿಂದ ಪಾರಾದ ಬಾತುಗಳು ಸುಮಾರು 14 ಲಕ್ಷ ಎಂಬುದು ಅದರ ಅಂದಾಜು.

ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ಸೀಸದ ಚರೆಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಜೌಗುಪ್ರದೇಶಗಳಲ್ಲಿ ನಿಷೇಧ ಜಾರಿಗೆ ಬಂದದ್ದು 2023ರಲ್ಲಿ. ಇಂಗ್ಲೆಂಡಿನಲ್ಲಿ 1999ರಿಂದಲೇ ಕಾನೂನಿದ್ದರೂ, ಮುಂದಿನ ದಶಕದಲ್ಲಿ ಮಾರಾಟದ ಕಾಡುಬಾತುಗಳನ್ನು ಕೊಂಡು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಏಳು ಸೀಸದ ಚರೆಯ ಹೊಡೆತಕ್ಕೇ ಸತ್ತಿದ್ದವು.